ಯಾರ್ರೀ ಇಳಿಯೋರು?

ನಲವತ್ತಾರು ವರ್ಷದ ಮೇಲೆ ನಾವು
ಗ್ಯೊಂಗ್ಜುವಿನಲ್ಲಿ ಇಳಿದೆವು.
ಅಂದರೆ, ಬಸ್ಸು ನಿಂತಿತು, ನಾವು ಇಳಿದೆವು,
ಬಸ್ಸು ನಮ್ಮನ್ನು ಬಿಟ್ಟು ಹೋಯಿತು.
ಓಕ್‌ಬುನ್ ಅದು ಮರೆಯಾಗುವ ತನಕ ನಿಂತೇ ಇದ್ದಳು
ಒಳಗೆ ಏನೋ ಮರೆತುಬಂದವಳ ಹಾಗೆ.

ಆಗ ನಾನು ಹದಿನೇಳು, ಅವಳು ಇಪ್ಪತ್ತಮೂರು.
ವಯಸ್ಸಲ್ಲ, ಎದೆಯ ಮೇಲಿನ ಬಿಲ್ಲೆಯ ನಂಬರು.
ದೇಗು ಡಿಪೋದಲ್ಲಿ ಹೆಸರು ಹಿಡಿದು ಕರೆದವರಿಲ್ಲ.
ತಲೆಗೊಂದು ಟೊಪ್ಪಿಗೆ, ಸೊಂಟಕ್ಕೆ ಚಿಲ್ಲರೆ ಚೀಲ,
ಬಸ್ಸಿನ ಮೈಗೆ ಎರಡು ಬಡಿದು, ರೈಟ್, ರೈಟ್!
ಗ್ಯೊಂಗ್ಜು, ಗ್ಯೊಂಗ್ಜು, ಯಾರ್ರೀ ಇಳಿಯೋರು?
ಮೂರು ನಿಮಿಷ. ಅಷ್ಟೇ.
ಇಳಿದವರು ಊರಿಗೆ, ಹತ್ತಿದವರು ಸೀಟಿಗೆ,
ನಾವು ಎರಡರ ನಡುವಿನ ಮೆಟ್ಟಿಲಿಗೆ.

ಬಾಗಿಲಲ್ಲಿ ಜೋತುಬಿದ್ದು ಕಂಡ ಹಸಿರು ದಿಬ್ಬಗಳನ್ನು
ಗುಡ್ಡದ ಮರಿಗಳು ಅಂದುಕೊಂಡಿದ್ದೆ.
ಈಗ ಕನ್ನಡಕ ಹಾಕಿ ಫಲಕ ಓದಿದರೆ
ಒಳಗೆ ರಾಜರು, ಚಿನ್ನದ ಕಿರೀಟ, ಚಿನ್ನದ ಸೊಂಟಪಟ್ಟಿ.
"ಅಬ್ಬ, ಇಷ್ಟೆಲ್ಲ ಹೊತ್ತುಕೊಂಡು ಹೋದರಲ್ಲ,
ಇವರನ್ನು ಗೇಟಿನಲ್ಲಿ ಯಾರೂ ತಡವಿ ನೋಡಲಿಲ್ಲವೇ?"
ಅಂದಳು ಓಕ್‌ಬುನ್. ನಕ್ಕಳು. ನಾನೂ ನಕ್ಕೆ,
ಆಮೇಲೆ ಇಬ್ಬರೂ ಸುಮ್ಮನಾದೆವು.

ರಾತ್ರಿ ಕೊನೆಯ ಟ್ರಿಪ್ಪು ಮುಗಿಸಿ ಬಂದರೆ
ಡಿಪೋದ ಹಿಂದಿನ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ
ಕಾಲುಚೀಲ ಕೊಡವಿಸಿ, ಲಂಗದ ಅಂಚು ಹಿಸುಕಿ
ಒಂದು ನಾಣ್ಯ ಸಿಕ್ಕೀತೆಂದು ಹುಡುಕುತ್ತಿದ್ದರು.
ಒಮ್ಮೆ ಅವಳ ಜಡೆಯನ್ನೂ ಬಿಚ್ಚಿಸಿದ್ದರು.
ಹುಲ್ಲು ಕತ್ತರಿಸುವ ಯಂತ್ರ ಈಗ
ರಾಜನ ಹೊಟ್ಟೆಯ ಮೇಲೆ ಗುರುಗುಟ್ಟುತ್ತಿತ್ತು.

ಬೊಂಗ್ಗಿಲ್‌ನ ದಂಡೆಗೆ ಹೋದಾಗ ಮಟಮಟ ಮಧ್ಯಾಹ್ನ.
ಮೈಮೇಲೆ ದೇವರು ಬರುವ ಹೆಂಗಸೊಬ್ಬಳು
ಡೇರೆಯೊಳಗೆ ಡೋಲು ಬಡಿಯುತ್ತಿದ್ದಳು,
ತಂತಿಗೆ ಕಣವೆ ಮೀನು ಒಣಹಾಕಿದ್ದರು,
ನೀರಿನ ನಡುವೆ ನಾಲ್ಕಾರು ಕಪ್ಪು ಬಂಡೆ.
ಅಲ್ಲೂ ಒಬ್ಬ ರಾಜನಂತೆ:
ಸತ್ತಮೇಲೆ ಕಡಲಲ್ಲಿಡಿ, ಡ್ರ್ಯಾಗನ್ ಆಗಿ
ನಾಡು ಕಾಯುತ್ತೇನೆ ಅಂದಿದ್ದನಂತೆ.
"ಪಾಪ," ಅಂದಳು, "ಸತ್ತಮೇಲೂ ಡ್ಯೂಟಿ."

ಶೂ ಬಿಚ್ಚಿ ಮರಳು ಸುರಿಯುತ್ತ, ನನ್ನನ್ನು ನೋಡದೆ:
"ಹದಿನೇಳು, ನಾನೊಂದು ಸಲ ಕದ್ದಿದ್ದೆ."
"ಎಷ್ಟು?"
"ನೂರು ವೊನ್. ನಿನಗೆ ಜ್ವರ ಬಂದಿತ್ತಲ್ಲ, ಪೇರ್ ಹಣ್ಣಿಗೆ."
ಆ ಹಣ್ಣು ನೆನಪಿದೆ ನನಗೆ. ಅರ್ಧ ಕೊಳೆತದ್ದು,
ಉಳಿದರ್ಧ ಹಿಮದಷ್ಟು ಸಿಹಿ. ಇಷ್ಟು ಕಾಲ
ಡ್ರೈವರ್ ಕೊಡಿಸಿದ್ದೆಂದು ಅವನಿಗೆ ಮನಸ್ಸಲ್ಲೇ ಕೈಮುಗಿದಿದ್ದೆ.
"ಎಲ್ಲಿ ಬಚ್ಚಿಟ್ಟಿದ್ದೆ?"
ಅವಳು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದಳು.
ಹಲ್ಲಿನ ಸೆಟ್ಟು ಬಿಸಿಲಿಗೆ ಮಿಂಚಿತು.

"ದೇಗು ಬಿಟ್ಟಾಗಿನಿಂದ ಅಲ್ಲೇ ಇತ್ತು. ಬಾಯಿ ತೆರೆಯುವಂತಿಲ್ಲ.
ಅದಕ್ಕೇ ಅವತ್ತು ಗ್ಯೊಂಗ್ಜು ಅಂತ ಕೂಗಲಿಲ್ಲ.
ಹಿಂದಿನ ಸೀಟಲ್ಲಿ ಒಬ್ಬ ಮುದುಕ, ಮಡಿಲಲ್ಲಿ ಕೋಳಿ,
ತೂಕಡಿಸುತ್ತಿದ್ದ. ಪೋಹಾಂಗ್ ತನಕ ಬಂದುಬಿಟ್ಟ.
ಕತ್ತಲಾಗಿತ್ತು. ವಾಪಸ್ಸು ಬಸ್ಸಿರಲಿಲ್ಲ.
ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ."
ಅಲೆಯೊಂದು ಬಂದು ಕಲ್ಲುಗಳನ್ನು ಗಲಗಲ ಎಳೆದುಕೊಂಡಿತು,
ಚಿಲ್ಲರೆ ಎಣಿಸಿದ ಹಾಗೆ.

ಬುಸಾನಿನ ಬಸ್ಸಿನಲ್ಲಿ ನಿಲ್ದಾಣಗಳನ್ನು
ಕಾಣದ ಹೆಣ್ಣೊಬ್ಬಳು ಹೇಳುತ್ತಾಳೆ,
ಗಂಟಲು ಕಟ್ಟದ, ಜ್ವರ ಬಾರದ ದನಿ.
ಅವಳಿಗಿಂತ ಒಂದು ಚಣ ಮೊದಲೇ
ಓಕ್‌ಬುನ್‌ಳ ತುಟಿ ಅಲುಗುತ್ತದೆ.
ಮುಂದೆ ಕುಳಿತು ಗೊರಕೆ ಹೊಡೆಯುತ್ತಿದ್ದವನ
ಭುಜ ಅಲುಗಿಸಿ ಕೇಳಿಯೇಬಿಟ್ಟಳು, ಎಲ್ಲಿಗಪ್ಪ ನೀನು?
ಅವನು ಬೈದ. ಅವನದು ಕೊನೆಯ ಸ್ಟಾಪು.

ಶನಿವಾರ ಎರಡು ಗಂಟೆಗೆ
ಯೊಂಗ್ಡೋ ಸೇತುವೆ ಎದ್ದು ನಿಂತಿತು.
ಬಿಳಿಗೆರೆ ಸಮೇತ ರಸ್ತೆಯೇ ಆಕಾಶಕ್ಕೆ ವಾಲಿ,
ಅದರ ಬೆನ್ನ ಮೇಲೆ ಕಡಲಹಕ್ಕಿಗಳ ಗಲಾಟೆ.
ಎರಡೂ ಕಡೆ ಬಸ್ಸುಗಳು ಬಾಯಿ ಮುಚ್ಚಿ ನಿಂತವು.
"ಲೇಟಾಗುತ್ತೆ," ಅಂದಳು ಓಕ್‌ಬುನ್
ಗಡಿಯಾರವಿಲ್ಲದ ಮಣಿಕಟ್ಟು ನೋಡಿಕೊಂಡು.
ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಕಾಲು ಗಂಟೆಯ ಮೇಲೆ ಸೇತುವೆ ಮೆಲ್ಲಗೆ ಇಳಿದು
ಮತ್ತೆ ಬರೀ ರಸ್ತೆಯಾಯಿತು.
ಪಕ್ಕದ ಕಂಬಿಗೆ ಯಾರೋ ಎರಡು ಸಲ ಬಡಿದ ಸದ್ದು.
ನಾನು ತಿರುಗಿ ನೋಡಲಿಲ್ಲ. ಬಸ್ಸುಗಳು ಹೊರಟವು.